ನ್ಯಾಯಮೂರ್ತಿ ಗಜೇಂದ್ರಗಡಕರರು

ಗಜೇಂದ್ರಗಡವೆಂದೊಡನೆ ಗುಡ್ಡದ ಮೇಲಿನ ಕೋಟೆ, ಕಾಲಕಾಲೇಶ್ವರನ ದೇವಸ್ಥಾನ, ಘೋರ್ಪಡೆ ಮನೆತನ, ನೇಕಾರರ ಮಗ್ಗ ಇವು ವಾಚಕರ ಸ್ಮರಣೆಗೆ ಬರುವವು. ಕ್ರಿ. ಶ. 1787ರಲ್ಲಿ ಮರಾಠರಿಗೂ ಟೀಪೂ ಸುಲ್ತಾನನಿಗೂ ಆದ ಒಡಂಬಡಿಕೆಯು ಈ ಊರಿನ ಹೆಸರಿನಿಂದಲೇ ಇತಿಹಾಸದಲ್ಲಿ ಪ್ರಸಿದ್ಧವಾಗಿರುವದು. ಆದರೆ ಭಾರತದ ನ್ಯಾಯಗ್ರಂಥಗಳಲ್ಲಿ ಗಜೇಂದ್ರಗಡದ ಹೆಸರು ಹೆಜ್ಜೆಹೆಜ್ಜೆಗೂ ಕಾಣುವದು ಕೋಟೆಯಿಂದಲ್ಲ, ಒಂದು ಪಂಡಿತ ಮನೆತನದ ದೆಸೆಯಿಂದ.

ಆ ಮನೆತನದ ಪೂರ್ವಜರು ಗಜೇಂದ್ರಗಡವನ್ನು ಬಿಟ್ಟು ಸಾತಾರೆಗೆ ಹೋಗಿ ನೆಲೆಸಿದರು. ಊರು ಇಲ್ಲಿಯೇ ಉಳಿಯಿತು, ಹೆಸರು ಅವರೊಡನೆ ಹೋಯಿತು. ಇದೇ ಉಪನಾಮದ ರಾಘವೇಂದ್ರಾಚಾರ್ಯರು ಪರಿಭಾಷೇಂದುಶೇಖರಕ್ಕೆ ‘ತ್ರಿಪಥಗಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವೈಯಾಕರಣರೆಂಬುದು ಪಾಠಶಾಲೆಗಳಲ್ಲಿ ಓದಿದವರಿಗೆ ವಿದಿತವೇ ಇದೆ. ಪ್ರಹ್ಲಾದ ಬಾಳಾಚಾರ್ಯ ಗಜೇಂದ್ರಗಡಕರರು 1901ನೆಯ ಇಸವಿ ಮಾರ್ಚ 16ರಂದು ಸಾತಾರೆಯಲ್ಲಿ ಜನಿಸಿದರು. ತಂದೆ ಬಾಳಾಚಾರ್ಯರು ಸಂಸ್ಕೃತ ವಿದ್ವಾಂಸರು. ಅಣ್ಣ ಅಶ್ವತ್ಥಾಮಾಚಾರ್ಯರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಸಂಸ್ಕೃತದ ಅಧ್ಯಾಪಕರು. ಸಾತಾರೆಯ ಶಾಲೆಯನ್ನು ಮುಗಿಸಿ ಪ್ರಹ್ಲಾದರಾಯರು 1918ರಲ್ಲಿ ಧಾರವಾಡದ ಕರ್ನಾಟಕ ಕಾಲೇಜನ್ನು ಸೇರಿ ಎರಡು ವರ್ಷ ಅಲ್ಲಿ ಓದಿದರು. ಹಿರಿಯರು ತೊರೆದುಹೋದ ಕನ್ನಡ ನಾಡಿಗೆ ಮೊಮ್ಮಕ್ಕಳು ವಿದ್ಯಾರ್ಥಿಯಾಗಿ ಮರಳಿದಂತಾಯಿತು. ತರುವಾಯ ಪುಣೆಯ ಡೆಕ್ಕನ್ ಕಾಲೇಜು, ಕಾಯಿದೆಯ ಕಾಲೇಜು. 1926ರಲ್ಲಿ ಮುಂಬಯಿ ಹಾಯಕೋರ್ಟಿನಲ್ಲಿ ವಕೀಲಿ. ದತ್ತಕವಿಧಾನವನ್ನು ಕುರಿತಾದ ‘ದತ್ತಕಮೀಮಾಂಸೆ’ಯನ್ನು ಅವರು ಸಂಪಾದಿಸಿ ಪ್ರಕಟಿಸಿದರು. ಧರ್ಮಶಾಸ್ತ್ರವನ್ನು ಮೂಲದಲ್ಲಿ ಓದಬಲ್ಲ ವಕೀಲರು ಆಗಲೂ ವಿರಳ.

1945ರಲ್ಲಿ ಅವರು ಅದೇ ಹಾಯಕೋರ್ಟಿನ ನ್ಯಾಯಾಧೀಶರಾದರು. 1957ರ ಜನೇವರಿಯಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1964ನೆಯ ಫೆಬ್ರುವರಿ 1ರಂದು ಭಾರತದ ಮುಖ್ಯ ನ್ಯಾಯಾಧೀಶರಾದರು.

ಈ ನಾಡಿಗೆ, ವಿಶೇಷವಾಗಿ ಲಿಂಗಾಯತ ಸಮಾಜಕ್ಕೆ, ಅವರ ಲೇಖನಿಯು ಎರಡು ಸಲ ತಗುಲಿತು. ಮೊದಲನೆಯದು ಬಾಲಾಜಿ ಮೊಕದ್ದಮೆ. ನಾಗನಗೌಡ ಸಮಿತಿಯು 1961ರಲ್ಲಿ ಮೈಸೂರು ಸರಕಾರಕ್ಕೆ ವರದಿಯನ್ನೊಪ್ಪಿಸಿತು. ಹಾಯಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಎಷ್ಟು ವಿದ್ಯಾರ್ಥಿಗಳೆಂಬುದೇ ಅದರ ಅಳತೆಗೋಲು. ಇಡೀ ರಾಜ್ಯದ ಸರಾಸರಿ 6.9. ಲಿಂಗಾಯತರ ಸಂಖ್ಯೆಯು ಅದಕ್ಕಿಂತ ತುಸು ಮೇಲಿದ್ದಿತು. ಸಮಿತಿಯು ಅವರನ್ನು ಹಿಂದುಳಿದವರೆಂದು ಎಣಿಸಲಿಲ್ಲ. ಸರಕಾರವು ಈ ಮಾತನ್ನೊಪ್ಪದೆ ಅವರನ್ನೂ ಹಿಂದುಳಿದವರ ಪಟ್ಟಿಗೆ ಸೇರಿಸಿತು. 1962ನೆಯ ಜುಲೈ 31ರ ಆಜ್ಞೆಯಂತೆ ವೈದ್ಯಕೀಯ ಮತ್ತು ಇಂಜಿನಿಯರಿಂಗ ಕಾಲೇಜುಗಳಲ್ಲಿ ನೂರಕ್ಕೆ 28 ಸ್ಥಾನಗಳು ಹಿಂದುಳಿದವರಿಗೆ, 22 ಹೆಚ್ಚು ಹಿಂದುಳಿದವರಿಗೆ, 15 ಪರಿಶಿಷ್ಟ ಜಾತಿಗಳಿಗೆ, 3 ಪರಿಶಿಷ್ಟ ಪಂಗಡಗಳಿಗೆ, ಹೀಗೆ 68 ಸ್ಥಾನಗಳು ಮೀಸಲಾದವು.

ಅದೇ ವರ್ಷದ ಸಪ್ಟೆಂಬರ 28ರಂದು ಐವರ ಪೀಠದ ಪರವಾಗಿ ತೀರ್ಪನ್ನು ಬರೆದವರು ಗಜೇಂದ್ರಗಡಕರರು. ಹಿಂದುಳಿಕೆಯನ್ನು ನಿರ್ಣಯಿಸುವದಕ್ಕೆ ಜಾತಿಯೊಂದೇ ಒರೆಗಲ್ಲಾಗಲಾರದು, ಬಡತನವನ್ನೂ ಕಸಬನ್ನೂ ವಾಸಸ್ಥಳವನ್ನೂ ನೋಡಬೇಕು. ಸರಾಸರಿಯ ಅಂಚಿನಲ್ಲಿ ನಿಂತವರು ಹಿಂದುಳಿದವರಲ್ಲ, ಅದಕ್ಕಿಂತ ಬಹಳ ಕೆಳಗಿರುವವರೇ ಹಿಂದುಳಿದವರು. ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರತಕ್ಕದ್ದು ಎಂದು ಹೇಳಿ ಆಜ್ಞೆಯನ್ನು ರದ್ದುಮಾಡಿದರು. ಈ ತೀರ್ಪು ಸಮಾಜದ ಅನೇಕರಿಗೆ ಕಹಿಯಾದದ್ದು ಸಹಜ. ಹಳ್ಳಿಯ ಒಕ್ಕಲಿಗ ಲಿಂಗಾಯತನ ಮಗನಿಗೂ ಪೇಟೆಯ ಸಾಹುಕಾರನ ಮಗನಿಗೂ ಒಂದೇ ಸರಾಸರಿಯನ್ನು ಹಚ್ಚುವದು ನ್ಯಾಯವೇ ಎಂಬ ಪ್ರಶ್ನೆಯು ಏಳತಕ್ಕದ್ದೇ. ಆದರೆ ಆ ಸರಾಸರಿಯನ್ನು ಹಾಕಿದವರು ನ್ಯಾಯಾಧೀಶರಲ್ಲ. ಬಡತನವನ್ನು ನೋಡಿರೆಂದವರು ಅವರೇ. 1992ರಲ್ಲಿ ಒಂಬತ್ತು ಮಂದಿಯ ಪೀಠವು ಜಾತಿಯ ವಿಷಯದಲ್ಲಿ ಈ ತೀರ್ಪನ್ನು ಸಡಿಲಿಸಿತಾದರೂ ಅರ್ಧದ ಮಿತಿಯನ್ನು ಉಳಿಸಿಕೊಂಡಿತು.

ಗಜೇಂದ್ರಗಡಕರರು ಶಾಸನಸಭೆಯಲ್ಲಿ ಕುಳಿತವರಲ್ಲ. ಶಾಸನಸಭೆಗೆ ಎಲ್ಲೆಯನ್ನು ತೋರಿಸಿದವರು. ಉತ್ತರಪ್ರದೇಶದ ವಿಧಾನಸಭೆಯು ಕೇಶವಸಿಂಗನೆಂಬವನನ್ನು ಸೆರೆಗೆ ಹಾಕಿತು. ಅವನಿಗೆ ಜಾಮೀನು ಕೊಟ್ಟ ಇಬ್ಬರು ಹಾಯಕೋರ್ಟು ನ್ಯಾಯಾಧೀಶರನ್ನೇ ಹಿಡಿದು ತರಬೇಕೆಂದು 1964ರ ಮಾರ್ಚದಲ್ಲಿ ಗೊತ್ತುವಳಿಯನ್ನು ಮಾಡಿತು. ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿದರು. ಅರ್ಜಿಯನ್ನು ವಿಚಾರಿಸಿದ್ದು ಸಭೆಯ ನಿಂದೆಯಲ್ಲ, ಸಭೆಯ ಹಕ್ಕುಗಳೂ ಸಂವಿಧಾನದ ಕೆಳಗಿನವೇ ಎಂಬ ಬಹುಮತದ ಅಭಿಪ್ರಾಯವನ್ನು ಬರೆದವರು ಇವರೇ.

ಎರಡನೆಯ ಪ್ರಸಂಗವು 1966ನೆಯ ಜನೇವರಿ 14ರದು. ಸ್ವಾಮಿನಾರಾಯಣ ಸಂಪ್ರದಾಯದವರು ತಾವು ಹಿಂದೂಗಳಲ್ಲವೆಂದೂ ಆದುದರಿಂದ ತಮ್ಮ ಮಂದಿರಗಳಿಗೆ ಹರಿಜನರ ಪ್ರವೇಶದ ಕಾಯಿದೆಯು ಅನ್ವಯಿಸಲಾರದೆಂದೂ 1948ರಿಂದ ವಾದಿಸುತ್ತ ಬಂದಿದ್ದರು. ಗಜೇಂದ್ರಗಡಕರರು ಈ ವಾದವನ್ನು ತಳ್ಳಿಹಾಕಿ ಮಂದಿರದ ಬಾಗಿಲನ್ನು ತೆರೆಯಿಸಿದರು. ಅದೇ ತೀರ್ಪಿನಲ್ಲಿ ಬಸವಣ್ಣನವರನ್ನು ಲಿಂಗಾಯತ ಧರ್ಮದ ಸ್ಥಾಪಕರೆಂದು ಹೆಸರಿಸಿ ಬುದ್ಧ, ಮಹಾವೀರ, ಜ್ಞಾನೇಶ್ವರ, ತುಕಾರಾಮ, ನಾನಕ, ಚೈತನ್ಯರ ಪಂಕ್ತಿಯಲ್ಲಿ ಕೂಡಿಸಿದರು. ಮಾಧ್ವ ಮನೆತನದ ಪಂಡಿತಪುತ್ರರ ಲೇಖನಿಯಿಂದ ಬಂದ ಮಾತೆಂದು ಇದನ್ನು ಅಭಿಮಾನದಿಂದ ನೆನೆಯುವದು ಸರಿಯೇ. ಆದರೆ ಬಾಲಾಜಿ ತೀರ್ಪನ್ನು ಮರೆತು ಇದೊಂದನ್ನೇ ಎತ್ತಿಹಿಡಿಯುವದು ಸರಿಯಲ್ಲ. ಆ ಮಾತಿನ ಪ್ರಸಂಗವನ್ನೂ ಲಕ್ಷಿಸಬೇಕು. ಲಿಂಗಾಯತರು ಅಲ್ಲಿ ಪಕ್ಷಗಾರರಾಗಿರಲಿಲ್ಲ, ಅವರ ಸ್ಥಾನಮಾನವು ವಿಚಾರಕ್ಕೆ ಬಂದಿರಲಿಲ್ಲ. ಬಂದದ್ದು ಹರಿಜನನೊಬ್ಬನು ದೇವರ ಮುಂದೆ ನಿಲ್ಲಬಹುದೇ ಎಂಬ ಪ್ರಶ್ನೆ.

ಎರಡು ತಿಂಗಳ ತರುವಾಯ, ಮಾರ್ಚ 15ರಂದು, ಅವರು ನಿವೃತ್ತರಾದರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾಗಿಯೂ 1971ರಿಂದ 1977ರ ವರೆಗೆ ಕಾಯಿದೆ ಆಯೋಗದ ಅಧ್ಯಕ್ಷರಾಗಿಯೂ ದುಡಿದರು. 1981ನೆಯ ಜೂನ 12ರಂದು ಅವರ ದೇಹಾವಸಾನವಾಯಿತು. ಅವರು ಬರೆದಿಟ್ಟ ಆತ್ಮಕಥೆಯು 1983ರಲ್ಲಿ ಪ್ರಕಟವಾಯಿತು.