ಸೋಮ, ನಾಯಿಕೊಡೆ, ಭಂಗಿ

ರಾಯಚೂರು ಸೀಮೆಯ ರೈತ ನೆಚ್ಚಿಕೊಂಡಿರುವುದು ಹುಬ್ಬೆ, ಉತ್ತರೆ, ಹಸ್ತ ಎಂದು ನಕ್ಷತ್ರಗಳ ಹೆಸರು ಹೊತ್ತು ಬರುವ ಹಿಂದಿನ ಮಳೆಗಳನ್ನು. ಶ್ರಾವಣ ಕಳೆದು ಶರದೃತು ಕಾಲಿಡುವ ಆ ದಿನಗಳಲ್ಲಿ, ಲಿಂಗಸುಗೂರು ಮಸ್ಕಿಗಳ ಕಲ್ಲುಗುಡ್ಡಗಳ ಮಗ್ಗುಲಲ್ಲಿ, ಸಿಂಧನೂರಿನ ಕಾಲುವೆ ಬಯಲಿನ ನೆನೆದ ಬಣವೆಗಳ ಅಡಿಯಲ್ಲಿ, ದನ ಮೇಯುವ ಬೀಳುಗಳ ಹಳೆಯ ಸಗಣಿಯ ಮೇಲೆ, ಬೆಳಗಾಗುವುದರೊಳಗೆ ಬೆಳ್ಳನೆಯ ಕೊಡೆಗಳು ಎದ್ದು ನಿಲ್ಲುತ್ತವೆ. ಕನ್ನಡವು ಅವನ್ನು ಅಣಬೆ ಎಂದು ಕರೆಯಿತು. ಅಷ್ಟಕ್ಕೆ ನಿಲ್ಲದೆ ನಾಯಿಕೊಡೆ ಎಂದೂ ಕರೆಯಿತು. ಪಾಳಿ ಭಾಷೆಯಲ್ಲಿ ಅದು ಅಹಿಚ್ಛತ್ತಕ, ಹಾವಿನ ಕೊಡೆ. ನಾಯಿಯೋ ಹಾವೋ, ಮನುಷ್ಯರ ಕೊಡೆಯಂತೂ ಅಲ್ಲ ಎಂಬ ಅನುಮಾನ ಹೆಸರಿನಲ್ಲಿಯೇ ಮನೆಮಾಡಿದೆ.

ಈ ಅನುಮಾನದ ವಸ್ತುವನ್ನು ಕಳೆದ ಶತಮಾನದಲ್ಲಿ ಒಬ್ಬ ವಿದೇಶೀಯರು ನಮ್ಮ ಅತ್ಯಂತ ಪ್ರಾಚೀನ ಗ್ರಂಥದ ಗರ್ಭಗುಡಿಗೆ ಕೊಂಡೊಯ್ದು ಕೂರಿಸಿದರು. ಋಗ್ವೇದದ ಋಷಿಗಳು ಹಾಡಿ ಹೊಗಳಿದ ಸೋಮವು ಒಂದು ಅಣಬೆ, ಅದೂ ಮನಸ್ಸನ್ನು ಬೇರೊಂದು ಲೋಕಕ್ಕೆ ಒಯ್ಯುವ ಅಣಬೆ, ಎಂಬುದು ಅವರ ವಾದ. ಪೂರ್ವಿಕರು ಮಳೆಗಾಲ ಮುಗಿಯುವ ಹೊತ್ತಿಗೆ ಅಣಬೆಯನ್ನು ಅರಸಿ ಹೊರಟದ್ದು ಹೊಟ್ಟೆಗಾಗಿಯೋ ದರ್ಶನಕ್ಕಾಗಿಯೋ ಎಂಬ ಪ್ರಶ್ನೆ ಅಂದಿನಿಂದ ನಮ್ಮ ಮುಂದಿದೆ. ಆ ಪ್ರಶ್ನೆಯನ್ನು ಕೃಷ್ಣೆ ತುಂಗಭದ್ರೆಗಳ ನಡುವಿನ ಈ ದೋಆಬಿನಲ್ಲಿ ನಿಂತು ಕೇಳಿದರೆ ಏನು ಉತ್ತರ ದೊರೆಯುತ್ತದೆ ಎಂಬುದನ್ನು ನೋಡಬೇಕೆಂಬುದು ಈ ಭಾಷಣದ ಉದ್ದೇಶ.

ವಾದಿಯ ಹೆಸರು ಗಾರ್ಡನ್ ವಾಸನ್. ವೃತ್ತಿಯಿಂದ ಅಮೆರಿಕದ ಬ್ಯಾಂಕಿನ ಹಿರಿಯ ಅಧಿಕಾರಿ, ಪ್ರವೃತ್ತಿಯಿಂದ ಅಣಬೆಗಳ ಅಭ್ಯಾಸಿ. 1955ರಲ್ಲಿ ಮೆಕ್ಸಿಕೋ ದೇಶದ ವಾಹಾಕ ಪ್ರಾಂತದ ಒಂದು ಬೆಟ್ಟದೂರಿನಲ್ಲಿ ಮಾರಿಯಾ ಸಬೀನಾ ಎಂಬ ಮಾಟಗಾತಿ ವೈದ್ಯೆ ನಡೆಸಿದ ರಾತ್ರಿಪೂಜೆಯಲ್ಲಿ ಅವರು ಅಣಬೆಯನ್ನು ತಿಂದರು. 1957ರಲ್ಲಿ ಅದನ್ನು ಲೈಫ್ ಪತ್ರಿಕೆಯಲ್ಲಿ ಬಣ್ಣಿಸಿದರು. ಮುಂದಿನ ವರ್ಷ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಆ ಅಣಬೆಯ ಸಾರವನ್ನು ಬೇರ್ಪಡಿಸಿ ಸೈಲೋಸೈಬಿನ್ ಎಂದು ಹೆಸರಿಟ್ಟರು. ಮೆಕ್ಸಿಕೋದ ಶೋಧನೆಯಲ್ಲಿ ವಾಸನ್ನರ ಜೊತೆಗಿದ್ದವರು ಫ್ರಾನ್ಸಿನ ಸಸ್ಯವಿಜ್ಞಾನಿ ರೋಜರ್ ಹೈಮ್. ಇವರ ಹೆಸರನ್ನು ನಾವು ನೆನೆಯಬೇಕಾದ ಇನ್ನೊಂದು ಕಾರಣವುಂಟು. ನಮ್ಮ ಹುತ್ತಗಳ ಮೇಲೆ ಏಳುವ, ತಿನ್ನಲು ಅತ್ಯಂತ ರುಚಿಯಾದ ಅಣಬೆಯ ಕುಲಕ್ಕೆ 1942ರಲ್ಲಿ ಶಾಸ್ತ್ರೀಯ ನಾಮಕರಣ ಮಾಡಿದವರೂ ಇವರೇ. ಹುತ್ತದ ಅಣಬೆ ತಾನಾಗಿ ಹುಟ್ಟಿದ್ದಲ್ಲ. ಗೆದ್ದಲು ತನ್ನ ಗೂಡಿನೊಳಗೆ ಅಗಿದ ಕಟ್ಟಿಗೆಯ ಹುಡಿಯಿಂದ ಹಾಸು ಕಟ್ಟಿ, ಅದರ ಮೇಲೆ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತದೆ. ಮಳೆ ಬಿದ್ದಾಗ ಆ ಬೇಸಾಯವೇ ನೆಲ ಸೀಳಿಕೊಂಡು ಕೊಡೆಯಾಗಿ ಮೇಲೇಳುತ್ತದೆ. ನಾಗರಪಂಚಮಿಯಂದು ಹಾಲೆರೆಯಿಸಿಕೊಂಡ ಹುತ್ತ ಮುಂದಿನ ಮಳೆಗಳಲ್ಲಿ ಬಡವನಿಗೆ ಪಲ್ಯವನ್ನು ಕೊಡುತ್ತದೆ ಎಂದರೆ ತಪ್ಪಲ್ಲ.

ವಾಸನ್ನರು ಸೋಮವನ್ನು ಕುರಿತ ತಮ್ಮ ದೊಡ್ಡ ಗ್ರಂಥವನ್ನು ಪ್ರಕಟಿಸಿದ್ದು 1968ರಲ್ಲಿ. ವೇದೋತ್ತರ ಕಾಲದಲ್ಲಿ ಸೋಮದ ಕಥೆಯೇನಾಯಿತು ಎಂಬ ಭಾಗವನ್ನು ಅದರಲ್ಲಿ ಬರೆದವರು ಸಂಸ್ಕೃತ ವಿದುಷಿ ವೆಂಡಿ ಡೊನಿಗರ್. ವಾದದ ತಿರುಳು ಇಷ್ಟು: ಋಗ್ವೇದದ ಒಂಬತ್ತನೆಯ ಮಂಡಲದ 114 ಸೂಕ್ತಗಳು ಸೋಮಕ್ಕೇ ಮೀಸಲು. ಅದು ಬೆಟ್ಟದಲ್ಲಿ ಬೆಳೆಯುವುದು, ಅದನ್ನು ಕಲ್ಲುಗಳಿಂದ ಜಜ್ಜುವುದು, ಕುರಿಯ ಉಣ್ಣೆಯ ಜರಡಿಯಲ್ಲಿ ಸೋಸುವುದು, ಹಾಲಿನೊಡನೆ ಬೆರೆಸುವುದು, ಎಲ್ಲವೂ ಅಲ್ಲಿ ಮತ್ತೆಮತ್ತೆ ಬರುತ್ತವೆ. ಆದರೆ ಬೇರು, ಎಲೆ, ಹೂವು, ಬೀಜಗಳ ವರ್ಣನೆ ಮಾತ್ರ ಇಲ್ಲ. ಬೇರಿಲ್ಲದ, ಎಲೆಯಿಲ್ಲದ, ಹೂವಿಲ್ಲದ ಸಸ್ಯ ಅಣಬೆಯಲ್ಲದೆ ಇನ್ನಾವುದು? ಹಾಗಾಗಿ ಅದು ಉತ್ತರದ ತಂಪು ನಾಡುಗಳಲ್ಲಿ ಭೂರ್ಜವೃಕ್ಷದ ಕೆಳಗೆ ಬೆಳೆಯುವ, ಕೆಂಪು ತಲೆಯ ಮೇಲೆ ಬಿಳಿಯ ಚುಕ್ಕೆಗಳಿರುವ ಅಣಬೆಯೇ ಸರಿ. ಸೈಬೀರಿಯದ ಕೆಲವು ಜನಾಂಗಗಳು ಅದನ್ನು ಅಮಲಿಗಾಗಿ ತಿನ್ನುತ್ತಿದ್ದುದು ಪ್ರಸಿದ್ಧವೇ ಆಗಿದೆ.

ವಾದ ಚತುರವಾಗಿದೆ. ಆದರೆ ಋಷಿ ಕವಿಯೇ ಹೊರತು ಸಸ್ಯಶಾಸ್ತ್ರದ ಅಧ್ಯಾಪಕನಲ್ಲ; ಎಲೆಯನ್ನು ಹಾಡಲಿಲ್ಲವೆಂದ ಮಾತ್ರಕ್ಕೆ ಎಲೆಯಿರಲಿಲ್ಲವೆಂದು ಹೇಳಲಾಗದು. 1971ರಲ್ಲಿ ಜಾನ್ ಬ್ರೋ ಈ ವಾದವನ್ನು ಒಂದೊಂದೇ ಎಳೆಯಾಗಿ ಬಿಡಿಸಿ ಪ್ರಶ್ನಿಸಿದರು. 1989ರಲ್ಲಿ ಹ್ಯಾರಿ ಫಾಲ್ಕ್, ಋಗ್ವೇದದ ಸೋಮ ಕನಸು ಕಾಣಿಸುವ ವಸ್ತುವಲ್ಲ, ನಿದ್ದೆಯನ್ನು ಓಡಿಸಿ ಎಚ್ಚರವನ್ನು ಉಳಿಸುವ ವಸ್ತು ಎಂದು ತೋರಿಸಿ, ಎಫೆಡ್ರಾ ಎಂಬ ಪರ್ವತದ ಪೊದೆಯ ಕಡೆಗೆ ಬೆರಳು ಮಾಡಿದರು. ಸೋಮದ ಸೋದರನಾದ ಹವೋಮಕ್ಕೆ ಜರತುಷ್ಟ್ರ ಮತದವರು ಬಳಸುತ್ತ ಬಂದಿರುವುದೂ ಅದನ್ನೇ. ನನಗೂ ಇದೇ ಹೆಚ್ಚು ಸಂಗತವಾಗಿ ತೋರುತ್ತದೆ.

ಆದರೂ ವಾಸನ್ನರ ವಾದದಲ್ಲಿ ಒಂದು ಎಳೆ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯ ದ್ವಿಜರಿಗೆ ಅಣಬೆಯನ್ನು ನಿಷೇಧಿಸುತ್ತದೆ. ಆರನೆಯ ಅಧ್ಯಾಯ ವಾನಪ್ರಸ್ಥನಿಗೂ ಅದನ್ನು ಬೇಡವೆನ್ನುತ್ತದೆ. ಇಷ್ಟು ಬಲವಾದ ನಿಷೇಧದ ಹಿಂದೆ ಮರೆತುಹೋದ ಒಂದು ಪಾವಿತ್ರ್ಯ ಅಡಗಿರಬೇಕೆಂಬುದು ಅವರ ಊಹೆ. ಮನುವಿನ ಶ್ಲೋಕವನ್ನು ಪೂರ್ತಿಯಾಗಿ ಓದಿದರೆ ಈ ಊಹೆಯ ಬುಡ ಸಡಿಲವಾಗುತ್ತದೆ. ಅಲ್ಲಿ ಅಣಬೆಯ ಪಕ್ಕದಲ್ಲಿ ಕುಳಿತಿರುವುದು ಬೆಳ್ಳುಳ್ಳಿ ಮತ್ತು ಈರುಳ್ಳಿ, ಜೊತೆಗೆ ಹೊಲಸಿನಲ್ಲಿ ಹುಟ್ಟಿದ ಎಲ್ಲವೂ. ಈರುಳ್ಳಿಯೂ ಒಂದು ಕಾಲಕ್ಕೆ ದೇವರಾಗಿತ್ತು ಎಂದು ಯಾರೂ ವಾದಿಸಿಲ್ಲ.

ಶಾಸ್ತ್ರಕಾರ ಮೂಗು ಮುಚ್ಚಿಕೊಂಡ ಸ್ಥಳದಲ್ಲಿ ವೈದ್ಯ ಬಗ್ಗಿ ನೋಡಿದ. ಸುಶ್ರುತಸಂಹಿತೆ ಹುಟ್ಟುವ ನೆಲೆಯನ್ನು ಅನುಸರಿಸಿ ಅಣಬೆಗಳನ್ನು ವಿಂಗಡಿಸುತ್ತದೆ: ಹುಲ್ಲಿನಲ್ಲಿ ಹುಟ್ಟಿದ್ದು, ಕಬ್ಬಿನಲ್ಲಿ ಹುಟ್ಟಿದ್ದು, ಒಣಸಗಣಿಯಲ್ಲಿ ಹುಟ್ಟಿದ್ದು, ಬಿದಿರಿನಲ್ಲಿ ಹುಟ್ಟಿದ್ದು, ನೆಲದಲ್ಲಿ ಹುಟ್ಟಿದ್ದು. ಸಗಣಿಯ ಅಣಬೆ ಬೇರೆ, ನೆಲದ ಅಣಬೆ ಬೇರೆ ಎಂಬ ಈ ವಿವೇಕ ಆಯುರ್ವೇದಕ್ಕೆ ಎಲ್ಲಿಂದ ಬಂತು? ಓಲೆಗರಿಯಿಂದ ಬಂದದ್ದಲ್ಲ, ದನ ಕಾಯುವವರಿಂದ, ಬುಟ್ಟಿ ಹಿಡಿದು ಗುಡ್ಡ ಹತ್ತುವ ಹೆಂಗಸರಿಂದ ಬಂದದ್ದು.

ಕನ್ನಡದ ಮಟ್ಟಿಗೆ ಕಥೆ ಇನ್ನಷ್ಟು ಸ್ಪಷ್ಟವಾಗಿದೆ. ನಮ್ಮ ಸಾಹಿತ್ಯವನ್ನು ಮೊದಲು ಕಟ್ಟಿದವರು ಜೈನರು. ಅನಂತಜೀವಗಳಿಗೆ ಮನೆಯೆಂದು ಗಡ್ಡೆಗಳ ಜೊತೆಗೆ ಅಣಬೆಯನ್ನೂ ತೊರೆದವರು. ಬಳಿಕ ಬಂದವರು ಶರಣರ ಪರಂಪರೆಯವರು, ಬ್ರಾಹ್ಮಣ ಕವಿಗಳು. ಮೂವರ ಅಡುಗೆಮನೆಯ ಹೊಸ್ತಿಲನ್ನೂ ನಾಯಿಕೊಡೆ ದಾಟಲಿಲ್ಲ. 14ನೆಯ ಶತಮಾನದಲ್ಲಿ ಮಂಗರಾಜ ಖಗೇಂದ್ರಮಣಿದರ್ಪಣವನ್ನು ಬರೆದು ಸ್ಥಾವರ ಜಂಗಮ ವಿಷಗಳನ್ನೆಲ್ಲ ಶಾಸ್ತ್ರವಾಗಿಸಿದ. ಅಂಥ ವಿಷವೈದ್ಯದ ಆಸಕ್ತಿಯುಳ್ಳ ನಾಡು ಅಣಬೆಯನ್ನು ಅರಿಯದ ನಾಡಲ್ಲ. ತಿನ್ನುತ್ತಿದ್ದವರು ಬರೆಯಲಿಲ್ಲ, ಬರೆಯುತ್ತಿದ್ದವರು ತಿನ್ನಲಿಲ್ಲ, ವಿಷಯ ಇಷ್ಟೇ. ಈ ಮೌನದ ಒಳಗೆ ಒಂದು ಗುಪ್ತ ಧರ್ಮವನ್ನು ಹುಡುಕುವುದಕ್ಕಿಂತ, ಲೇಖನಿ ಯಾರ ಕೈಯಲ್ಲಿತ್ತು ಎಂದು ಕೇಳುವುದು ಮೇಲು.

ಇಲ್ಲಿ ಮಸ್ಕಿಯ ಬಂಡೆಯ ನೆನಪಾಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಆ ಶಾಸನವು ದೇವಾನಾಂಪ್ರಿಯನೆಂಬ ಅರಸನ ಹೆಸರು ಅಶೋಕ ಎಂಬುದನ್ನು ಲೋಕಕ್ಕೆ ತಿಳಿಸಿತು. ಅರಸನು ಬುದ್ಧನ ಅನುಯಾಯಿ ಎಂಬುದನ್ನೂ ಅದೇ ಸಾರಿತು. ಆ ಬುದ್ಧನ ಕೊನೆಯ ಊಟದ ಪ್ರಸಂಗದಲ್ಲಿಯೂ ಅಣಬೆಯ ಸುಳಿವೊಂದಿದೆ. ಪಾವಾ ನಗರದಲ್ಲಿ ಕಮ್ಮಾರರ ಚುಂದ ಬಡಿಸಿದ ಸೂಕರಮದ್ದವ ಎಂಬ ಪದಾರ್ಥ ಯಾವುದು? ಹಂದಿಯ ಮೆತ್ತನೆಯ ಮಾಂಸವೆಂದು ಕೆಲವರು, ಹಂದಿ ತುಳಿದ ಬಿದಿರಿನ ಕಳಲೆಯೆಂದು ಕೆಲವರು, ಹಂದಿ ತುಳಿದ ನೆಲದಲ್ಲಿ ಎದ್ದ ಅಹಿಚ್ಛತ್ತಕವೆಂದು ಇನ್ನು ಕೆಲವರು ಎಂದು ಪಾಳಿಯ ವ್ಯಾಖ್ಯಾನವೊಂದು ಮತಭೇದಗಳನ್ನು ಪ್ರಾಮಾಣಿಕವಾಗಿ ಒಪ್ಪಿಸುತ್ತದೆ. ವಾಸನ್ 1982ರಲ್ಲಿ ಈ ಪ್ರಸಂಗವನ್ನೂ ಎತ್ತಿಕೊಂಡು, ಸಂತಾಲರು ಆತ್ಮವುಳ್ಳದ್ದೆಂದು ನಂಬುವ ಪುಟ್ಕ ಎಂಬ ಅಣಬೆಯನ್ನು ಯಜ್ಞದಲ್ಲಿ ಸೋಮದ ಬದಲಿಗೆ ಹೇಳಿರುವ ಪೂತಿಕದೊಡನೆ ಹೊಂದಿಸಿದರು. ಆ ಪುಟ್ಕದ ಬಳಗದ ಅಣಬೆಯನ್ನು ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೊದಲಲ್ಲಿ ಸಂತೆಯಲ್ಲಿ ಮಾರುತ್ತಾರೆ. ಕೊಳ್ಳುವವರು ಅದರ ಆತ್ಮದ ಗೊಡವೆಗೆ ಹೋಗದೆ ಗಸಿ ಮಾಡಿಕೊಂಡು ಉಣ್ಣುತ್ತಾರೆ.

ಮಸ್ಕಿಯ ಬಂಡೆಗೇ ಮರಳೋಣ. ಹಿಂದೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಜಂಬೂದ್ವೀಪದಲ್ಲಿ ಈಗ ಬೆರೆತಿದ್ದಾರೆ ಎಂದೂ, ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಧರ್ಮದಲ್ಲಿ ನಿಂತ ಅಲ್ಪನಿಗೂ ಸಾಧ್ಯವೆಂದೂ ಅದರ ತಾತ್ಪರ್ಯ. ದೇವರೊಡನೆ ಬೆರೆಯುವ ಬಯಕೆಯನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಈ ನೆಲದ ಒಂದು ಬಂಡೆ ಆಡಿತೋರಿದೆ. ಅದಕ್ಕೆ ಅದು ಸೂಚಿಸಿದ ದಾರಿ ನಡತೆ. ಯಾವ ಗಿಡದ ರಸವೂ ಅಲ್ಲ.

ಹಾಗೆಂದು ಗಿಡದ ದಾರಿಯನ್ನು ಹಿಡಿದವರು ಈ ಸೀಮೆಯಲ್ಲಿ ಇರಲಿಲ್ಲವೆ? ಇದ್ದರು, ಮತ್ತು ಅವರು ಅದನ್ನು ಮುಚ್ಚಿಡಲಿಲ್ಲ. ನನ್ನ ವಾದಕ್ಕೆ ಮುಖ್ಯವಾದ ಸಾಕ್ಷ್ಯ ಇದೇ. ಲಿಂಗಸುಗೂರಿನಿಂದ ಸುರಪುರದ ದಾರಿಯಲ್ಲಿ ಕೃಷ್ಣೆಯನ್ನು ದಾಟಿದರೆ ತಿಂಥಣಿ. ಅಲ್ಲಿಯ ಮೌನೇಶ್ವರ ವಿಶ್ವಕರ್ಮರ ಕುಲದಲ್ಲಿ ಹುಟ್ಟಿದ ಸಂತ, ವಚನಕಾರ. ಹಿಂದೂಗಳಿಗೆ ಮೌನೇಶ್ವರ, ಮುಸಲ್ಮಾನರಿಗೆ ಮೌನುದ್ದೀನ. ಆ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವಾಗಿ ಸ್ವೀಕರಿಸುವ ರೂಢಿಯನ್ನು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದಾಗ ಪಟ್ಟಣದ ಓದುಗರು ಬೆಚ್ಚಿದರು. ಭಕ್ತರಿಗೆ ಅದರಲ್ಲಿ ಬೆಚ್ಚುವಂಥದು ಏನೂ ಇರಲಿಲ್ಲ. ಅವಧೂತರ, ಆರೂಢರ, ಶಾಕ್ತರ ಕೂಟಗಳಲ್ಲಿ ಭಂಗಿಸೊಪ್ಪು ಧ್ಯಾನಕ್ಕೆ ಒದಗುವ ಪವಿತ್ರ ಹುಲ್ಲು. ಚಟಕ್ಕೆ ಸೇದುವವನನ್ನು ಆ ಪರಂಪರೆಗಳು ತಮ್ಮವನೆಂದು ಎಣಿಸುವುದಿಲ್ಲ. 1893–94ರಲ್ಲಿ ಆಂಗ್ಲ ಸರಕಾರ ನೇಮಿಸಿದ ಆಯೋಗವು ಏಳು ಸಂಪುಟಗಳಲ್ಲಿ ದೇಶದ ಭಂಗಿ ಗಾಂಜಾ ಬಳಕೆಯನ್ನು ದಾಖಲಿಸಿ, ಮಿತವಾದ ಬಳಕೆಯಿಂದ ದೊಡ್ಡ ಕೇಡಿಲ್ಲ, ಪೂರ್ಣ ನಿಷೇಧ ಬೇಡ ಎಂದಿತು. ಶಿವಭಕ್ತರ ನಡುವೆ ಆ ಸೊಪ್ಪಿಗಿದ್ದ ಪೂಜ್ಯತೆಯನ್ನು ಕುರಿತು ಮುಂಬಯಿಯ ಅಧಿಕಾರಿ ಕ್ಯಾಂಪ್ಬೆಲ್ ಆ ವರದಿಗೆ ಬರೆದುಕೊಟ್ಟ ಟಿಪ್ಪಣಿ ಈಗಲೂ ಓದಲು ಯೋಗ್ಯವಾಗಿದೆ.

ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಬಳಿ ಸಿದ್ಧಪರ್ವತವಿದೆ, ಅಂಬಾಮಠವಿದೆ. ಊರ ಹೆಸರಿನ ಸೋಮನಿಗೂ ಸೋಮರಸಕ್ಕೂ ನೆಂಟಸ್ತನ ಕಟ್ಟಬೇಡಿರೆಂದು ಕೇಳುಗರಲ್ಲಿ ನನ್ನ ಬಿನ್ನಹ. ಅಂಥ ಪದಚಮತ್ಕಾರಗಳಿಂದ ಇತಿಹಾಸಕ್ಕೆ ಸಾಕಷ್ಟು ಹಾನಿಯಾಗಿದೆ. 18ನೆಯ ಶತಮಾನದಲ್ಲಿ ಇಲ್ಲಿ ನೆಲೆಸಿದ ಚಿದಾನಂದಾವಧೂತರು ಜ್ಞಾನಸಿಂಧುವನ್ನೂ ದೇವೀಪುರಾಣವನ್ನೂ ರಚಿಸಿದರು. ನಾಯಿಕೊಡೆಗಳು ಏಳುವ ಅದೇ ಶರತ್ಕಾಲದಲ್ಲಿ, ನವರಾತ್ರಿಯ ಒಂಬತ್ತು ದಿನ, ಉತ್ತರ ಕರ್ನಾಟಕದ ಊರೂರುಗಳಲ್ಲಿ ಆ ಪುರಾಣದ ಪಾರಾಯಣ ನಡೆಯುತ್ತದೆ. ಅಕ್ಷರವರಿಯದವರೂ ಕುಳಿತು ಕೇಳುತ್ತಾರೆ. ಷಟ್ಪದಿಯ ಲಯ, ರಾತ್ರಿಯ ಜಾಗರ, ದೀಪ, ಉಪವಾಸ ಇವು ಮನಸ್ಸಿಗೆ ಮಾಡುವ ಕೆಲಸವನ್ನು ಯಾವ ಪ್ರಯೋಗಶಾಲೆಯೂ ಬೇರ್ಪಡಿಸಿ ಶೀಶೆಗೆ ತುಂಬಿಲ್ಲ.

ಈಗ ಎರಡನ್ನೂ ಜೊತೆಗಿಟ್ಟು ನೋಡಬೇಕು. ನಿಜವಾದ ಸೋಮ ಸಿಗದಾದಾಗ ವೈದಿಕರು ಅದನ್ನು ಗುಟ್ಟಾಗಿಡಲಿಲ್ಲ. ಬದಲಿ ಸಸ್ಯಗಳ ಹೆಸರನ್ನು ಗ್ರಂಥಗಳಲ್ಲಿಯೇ ಬರೆದರು. 1975ರಲ್ಲಿ ಕೇರಳದ ಪಾಂಜಾಳಿನಲ್ಲಿ ನಡೆದ ಅತಿರಾತ್ರದಲ್ಲಿ ಹಿಂಡಿದ್ದು ಎಲೆಯಿಲ್ಲದ, ಹಾಲು ಸುರಿಸುವ ಸೋಮಲತೆಯನ್ನು. ದಖ್ಖನಿನ ಒಣಗುಡ್ಡಗಳಲ್ಲಿಯೂ ಹಬ್ಬುವ ಈ ಬಳ್ಳಿಯಿಂದ ಅಮಲೇರುವುದಿಲ್ಲ. ಇತ್ತ ಅವಧೂತರು ಭಂಗಿಯನ್ನು ಮುಚ್ಚಿಡಲಿಲ್ಲ. ಜಾತ್ರೆಯ ಬಯಲಿನಲ್ಲಿ ಹಂಚಿದರು. ಇಟ್ಟುಕೊಂಡದ್ದನ್ನೂ ಕಳೆದುಕೊಂಡದ್ದನ್ನೂ ಬಹಿರಂಗವಾಗಿ ಹೇಳಿಕೊಂಡ ಜನ ಅಣಬೆಯೊಂದನ್ನು ಮಾತ್ರ ಮೂರು ಸಾವಿರ ವರ್ಷ ಗುಟ್ಟಾಗಿಟ್ಟರೆಂದು ನಂಬುವುದು ಕಷ್ಟ.

ಅಮಲಿನ ಅಣಬೆ ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. ಸಗಣಿಯ ಮೇಲೆ ಬೆಳೆಯುವ ಅದರ ಒಂದು ಜಾತಿಯನ್ನು ವಿಜ್ಞಾನಿಗಳು ಭಾರತದಲ್ಲಿಯೂ ಗುರುತಿಸಿದ್ದಾರೆ. ಆದರೆ ಅದನ್ನು ಅರಸಿ ಕೊಡೈಕೆನಾಲಿನ ಹುಲ್ಲುಗಾವಲುಗಳಿಗೆ ಹೋಗುವ ತರುಣರು ನಡೆದದ್ದು ಮೆಕ್ಸಿಕೋ, ನ್ಯೂಯಾರ್ಕುಗಳ ಮೂಲಕ ಬಂದ ದಾರಿಯಲ್ಲಿ. ಅಜ್ಜಿಯ ದಾರಿಯಲ್ಲಿ ಅಲ್ಲ. 1985ರ ಮಾದಕವಸ್ತು ಕಾಯಿದೆಯ ಪಟ್ಟಿಯಲ್ಲಿ ಸೈಲೋಸೈಬಿನ್ ಸೇರಿದೆ. ಗಾಂಜಾದ ಹೂತೆನೆಯೂ ನಿಷಿದ್ಧ, ತೆನೆಯಿಲ್ಲದ ಬರಿಯ ಎಲೆಯನ್ನು ಮಾತ್ರ ವ್ಯಾಖ್ಯೆಯಿಂದ ಬಿಟ್ಟಿದ್ದಾರೆ. ಕಾನೂನಿಗಿಂತ ದೊಡ್ಡ ಅಪಾಯ ಇನ್ನೊಂದು. ಕೆಲವು ಅಣಬೆಗಳ ವಿಷ ತಿಂದ ಆರು ಗಂಟೆಗಳ ಮೇಲೆ, ಒಮ್ಮೊಮ್ಮೆ ಮರುದಿನ ತಲೆದೋರುತ್ತದೆ. ಆ ಹೊತ್ತಿಗೆ ಅದು ಯಕೃತ್ತನ್ನು ಹೊಕ್ಕಿರುತ್ತದೆ. ಬೆಳ್ಳಿ ಕಪ್ಪಾಗದಿದ್ದರೆ ತಿನ್ನಬಹುದು, ಹುಳು ತಿಂದದ್ದು ನಿರಪಾಯ ಎಂಬ ನಂಬಿಕೆಗಳೆರಡೂ ಸುಳ್ಳು. ತಿನ್ನುವುದನ್ನು ಕೊಲ್ಲುವುದರಿಂದ ಬೇರ್ಪಡಿಸುವ ಅರಿವು ಯಾವುದೋ ಒಂದು ಗುಡ್ಡದ, ಯಾವುದೋ ಒಂದು ಹುತ್ತದ ಪರಿಚಯದಿಂದ ಬಂದದ್ದು. ಪಕ್ಕದ ತಾಲ್ಲೂಕಿಗೂ ಅದು ಹೊಂದದು.

ಆ ಅರಿವನ್ನು ನಾವು ಬರೆದಿಟ್ಟುಕೊಂಡಿಲ್ಲ. ತುಳುವಿನಲ್ಲಿ, ಕೊಡವ ಭಾಷೆಯಲ್ಲಿ ಒಂದೊಂದು ಅಣಬೆಗೂ ಒಂದೊಂದು ಹೆಸರು ಉಳಿದಿದೆ. ಇತ್ತೀಚೆಗೆ ವಿಜ್ಞಾನಿಗಳು ಅವನ್ನು ಪಟ್ಟಿ ಮಾಡುತ್ತಿದ್ದಾರೆ. ದೋಆಬಿನ ಹೆಸರುಗಳನ್ನು ಕೇಳಬೇಕಾದದ್ದು ಮಸ್ಕಿಯ ಗುಡ್ಡದ ಮೇಲೆ ಕುರಿ ಬಿಟ್ಟುಕೊಂಡು ಕುಳಿತವರನ್ನು. ಹಸ್ತ ಮಳೆ ಬಿದ್ದು ಎರಡು ದಿನ ಕಳೆದ ಮೇಲೆ ಹೋದರೆ ಅವರು ಹೆಸರಿನ ಜೊತೆಗೆ ಅಣಬೆಯನ್ನೂ ತೋರಿಸಿಯಾರು.