ಯುಟೋಪಿಯದ ಆದರ್ಶ ಮತ್ತು ಅಂತರಂಗದ ಸ್ವಾತಂತ್ರ್ಯ: ಸಂತ ಥಾಮಸ್ ಮೋರ್‌ರವರಿಂದ ಝಮ್ಯಾತಿನ್‌ರವರೆಗೆ

ಆದರ್ಶ ಸಮಾಜವನ್ನು ಕಥಾರೂಪದಲ್ಲಿ ಚಿತ್ರಿಸುವ ಸಾಹಿತ್ಯ ಪ್ರಕಾರಕ್ಕೆ ಹೆಸರನ್ನಿತ್ತವರು ಧರ್ಮಸಭೆಯ ಒಬ್ಬ ಸಂತರು. ಅದರ ವಿಲೋಮವಾದ ದುಃಸ್ವಪ್ನ ಸಮಾಜದ ಕಥೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬರೆದವರಲ್ಲಿ ಒಬ್ಬ ಕಥೋಲಿಕ ಯಾಜಕರೂ ಇದ್ದಾರೆ. ಆದಾಗ್ಯೂ ನಮ್ಮ ಗುರುಮಠಗಳ ಪಾಠಕ್ರಮದಲ್ಲಿ ಈ ಗ್ರಂಥಗಳಿಗೆ ದೊರೆಯುವ ಸ್ಥಾನ ಅತ್ಯಲ್ಪ. ಹೋಗದ ಊರಿಗೆ ದಾರಿ ಕೇಳುವುದೇಕೆ ಎಂಬ ಮನೋಭಾವವೇ ಇದಕ್ಕೆ ಕಾರಣವಿರಬಹುದು. ಆದರೆ ಸಮುದಾಯವೊಂದನ್ನು ಒಳ್ಳೆಯ ಬದುಕಿನತ್ತ ನಡೆಸುವ ಹೊಣೆ ಹೊತ್ತವರಿಗೆ ಈ ಕಥೆಗಳು ಹೊರಗಿನವಲ್ಲ. ಒಳಿತನ್ನು ವ್ಯವಸ್ಥೆಯ ಮೂಲಕ ಎಷ್ಟರಮಟ್ಟಿಗೆ ನೆಲೆಗೊಳಿಸಬಹುದು, ಮತ್ತು ಯಾವ ಹಂತದಲ್ಲಿ ಆ ವ್ಯವಸ್ಥೆಯೇ ಮನುಷ್ಯನನ್ನು ನುಂಗತೊಡಗುತ್ತದೆ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸಲು ಬಯಸುತ್ತೇವೆ.

೧. ಬೀಗವಿಲ್ಲದ ಮನೆಗಳು

1515ರಲ್ಲಿ ರಾಜಕಾರ್ಯದ ನಿಮಿತ್ತ ಫ್ಲ್ಯಾಂಡರ್ಸ್‌ಗೆ ತೆರಳಿದ್ದ ಥಾಮಸ್ ಮೋರ್‌ರವರು ಬಿಡುವಿನ ವೇಳೆಯಲ್ಲಿ ಒಂದು ಕಾಲ್ಪನಿಕ ದ್ವೀಪದ ವರ್ಣನೆಯನ್ನು ಲತೀನ್ ಭಾಷೆಯಲ್ಲಿ ಬರೆಯತೊಡಗಿದರು. ಇಂಗ್ಲೆಂಡಿಗೆ ಮರಳಿದ ಬಳಿಕ ಅದಕ್ಕೆ ಮುನ್ನೆಲೆಯಾಗಿ ಸಂವಾದ ರೂಪದ ಮೊದಲ ಭಾಗವನ್ನು ಸೇರಿಸಿದರು. ಮಿತ್ರ ಎರಾಸ್ಮಸ್‌ರವರ ನೆರವಿನಿಂದ ಕೃತಿಯು 1516ರಲ್ಲಿ ಲೂವೇನ್ ನಗರದಲ್ಲಿ ಮುದ್ರಣಗೊಂಡಿತು. ಗ್ರೀಕ್ ಮೂಲದ 'ಯುಟೋಪಿಯ' ಎಂಬ ಪದಕ್ಕೆ 'ಇಲ್ಲದ ಸ್ಥಳ' ಎಂದರ್ಥ. ಉಚ್ಚಾರದಲ್ಲಿ ಅದು 'ಒಳ್ಳೆಯ ಸ್ಥಳ' ಎಂಬ ಇನ್ನೊಂದು ಪದವನ್ನೂ ಧ್ವನಿಸುತ್ತದೆ. ಈ ಶ್ಲೇಷೆ ಉದ್ದೇಶಪೂರ್ವಕವಾದುದು.

ಕೃತಿಯ ಮೊದಲ ಭಾಗ ಅಂದಿನ ಇಂಗ್ಲೆಂಡಿನ ಕಟು ವಿಮರ್ಶೆ. ಉಣ್ಣೆಯ ಲಾಭಕ್ಕಾಗಿ ಭೂಮಾಲೀಕರು ಸಾಗುವಳಿ ಭೂಮಿಗೆ ಬೇಲಿ ಹಾಕಿ ಕುರಿಗಳನ್ನು ಬಿಡುತ್ತಾರೆ. ನೆಲೆ ಕಳೆದುಕೊಂಡ ರೈತರು ಹಸಿವಿನಿಂದ ಕದಿಯುತ್ತಾರೆ. ಕದ್ದವರನ್ನು ರಾಜ್ಯವು ಗಲ್ಲಿಗೇರಿಸುತ್ತದೆ. ಕಳ್ಳರನ್ನು ತಾನೇ ಸೃಷ್ಟಿಸಿ ತಾನೇ ಕೊಲ್ಲುವ ಈ ನ್ಯಾಯಕ್ಕೆ ಪ್ರತಿಯಾಗಿ ಎರಡನೆಯ ಭಾಗದಲ್ಲಿ ಯುಟೋಪಿಯ ದ್ವೀಪ ಮೈದಾಳುತ್ತದೆ. ಅಲ್ಲಿ ಐವತ್ತನಾಲ್ಕು ನಗರಗಳಿವೆ, ಖಾಸಗಿ ಆಸ್ತಿಯಿಲ್ಲ, ದಿನಕ್ಕೆ ಆರು ಗಂಟೆಗಳ ದುಡಿಮೆ ಸಾಕು, ರೋಗಿಗಳಿಗೆ ಉತ್ತಮ ಆರೈಕೆಯಿದೆ, ಚಿನ್ನವನ್ನು ಮೂತ್ರಪಾತ್ರೆಗಳಿಗೂ ಸಂಕೋಲೆಗಳಿಗೂ ಬಳಸುತ್ತಾರೆ. ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ ಕಾಣುವ ಆದಿಸಭೆಯ ಸಹಜೀವನದ ನೆನಪು ಇಲ್ಲಿ ಸ್ಪಷ್ಟವಾಗಿದೆ. ದ್ವೀಪವಾಸಿಗಳು ಕ್ರೈಸ್ತ ಧರ್ಮದತ್ತ ಒಲಿಯಲು ಈ ಹಂಚಿಕೆಯ ಬದುಕೇ ಒಂದು ಕಾರಣವೆಂದು ಕೃತಿ ಸೂಚಿಸುತ್ತದೆ.

ಆದರೆ ಅದೇ ದ್ವೀಪದಲ್ಲಿ ಗುಲಾಮರಿದ್ದಾರೆ. ಅನುಮತಿಪತ್ರವಿಲ್ಲದೆ ತನ್ನ ಪ್ರದೇಶವನ್ನು ದಾಟಿದವನಿಗೆ ಶಿಕ್ಷೆಯುಂಟು. ಮತ್ತೊಮ್ಮೆ ದಾಟಿದರೆ ಗುಲಾಮಗಿರಿ. ಮನೆಯ ಬಾಗಿಲುಗಳಿಗೆ ಬೀಗವಿಲ್ಲ. ಹತ್ತು ವರ್ಷಗಳಿಗೊಮ್ಮೆ ಚೀಟಿಯೆತ್ತಿ ಮನೆಗಳನ್ನು ಬದಲಾಯಿಸುತ್ತಾರೆ. ಮದ್ಯದಂಗಡಿಗಳಿಲ್ಲ, ಗುಪ್ತವಾಗಿ ಸೇರುವ ತಾಣಗಳಿಲ್ಲ. ಪ್ರತಿಯೊಬ್ಬನೂ ಸದಾ ಎಲ್ಲರ ಕಣ್ಣಿಗೆ ಬಿದ್ದಿರುತ್ತಾನೆ. ಸಾರ್ವಜನಿಕ ವಿಷಯಗಳನ್ನು ಸಭೆಯ ಹೊರಗೆ ಸಮಾಲೋಚಿಸುವುದು ಮರಣದಂಡನೆಗೆ ಅರ್ಹವಾದ ಅಪರಾಧ. ಹಸಿವನ್ನು ಇಲ್ಲವಾಗಿಸಿದ ವ್ಯವಸ್ಥೆ ಏಕಾಂತವನ್ನೂ ಇಲ್ಲವಾಗಿಸಿದೆ. ಮೋರ್‌ರವರು ಇದನ್ನೆಲ್ಲ ಮೆಚ್ಚಿ ಬರೆದರೋ ವ್ಯಂಗ್ಯವಾಗಿ ಬರೆದರೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕೃತಿಯ ಕೊನೆಯಲ್ಲಿ ಅವರದೇ ಹೆಸರಿನ ಪಾತ್ರವು ಈ ವ್ಯವಸ್ಥೆಯ ಹಲವು ಅಂಶಗಳು ತನಗೆ ಅಸಂಗತವೆನಿಸಿದವೆಂದೂ, ಇನ್ನು ಕೆಲವು ತನ್ನ ದೇಶಕ್ಕೂ ಬರಲೆಂದು ಹಾರೈಸಬಹುದೇ ವಿನಾ ನಿರೀಕ್ಷಿಸಲಾಗದೆಂದೂ ಹೇಳಿ ಹಿಂದೆ ಸರಿಯುತ್ತದೆ.

ಲೇಖಕರ ಮುಂದಿನ ಬದುಕನ್ನು ಈ ಕೃತಿಯ ಪಕ್ಕದಲ್ಲಿಟ್ಟು ಓದುವುದು ಅಗತ್ಯ. 1529ರಿಂದ 1532ರವರೆಗೆ ಅವರು ಇಂಗ್ಲೆಂಡಿನ ಮಹಾಮಂತ್ರಿಗಳಾಗಿದ್ದರು. ತಮ್ಮ ಕಾಲ್ಪನಿಕ ದ್ವೀಪದಲ್ಲಿ ಮತಸಹಿಷ್ಣುತೆಗೆ ಎಡೆಗೊಟ್ಟಿದ್ದ ಅವರ ಅಧಿಕಾರಾವಧಿಯಲ್ಲಿ ಪಾಷಂಡಿಗಳೆಂದು ತೀರ್ಪಿಗೊಳಗಾದವರು ಸಜೀವ ದಹನಗೊಂಡರು; ಆ ನೀತಿಯನ್ನು ಅವರು ಬರಹಗಳಲ್ಲಿ ಸಮರ್ಥಿಸಿದರು. ಈ ಸಂಗತಿಯನ್ನು ಮರೆಮಾಚುವುದರಿಂದ ಸಂತರ ಗೌರವ ಹೆಚ್ಚುವುದಿಲ್ಲ. ಅನಂತರ, 1534ರಲ್ಲಿ, ಅರಸನ ಪ್ರಮಾಣವಚನವನ್ನು ನಿರಾಕರಿಸಿ ಅವರೇ ಸೆರೆಮನೆ ಸೇರಿದರು. ನಿರಾಕರಣೆಯ ಕಾರಣವನ್ನು ಬಾಯಿಬಿಟ್ಟು ಹೇಳದೆ ಮೌನವನ್ನು ಆಶ್ರಯಿಸಿದರು. ವಿಚಾರಣೆಯಲ್ಲಿ ಅವರ ವಿರುದ್ಧ ನಿರ್ಣಾಯಕವಾದ ಸಾಕ್ಷ್ಯ, ಸೆರೆಕೋಣೆಯಲ್ಲಿ ನಡೆದ ಒಂದು ಖಾಸಗಿ ಸಂಭಾಷಣೆಯ ಕುರಿತು ರಿಚರ್ಡ್ ರಿಚ್ ನುಡಿದದ್ದು. 1535ರ ಜುಲೈ 6ರಂದು ಅವರ ಶಿರಚ್ಛೇದವಾಯಿತು. ಖಾಸಗಿ ಮಾತಿಗೆ ಮರಣದಂಡನೆ ವಿಧಿಸುವ ರಾಜ್ಯವನ್ನು ಕಲ್ಪಿಸಿದ್ದ ಲೇಖಕರು ಅಂತಹದೇ ರಾಜ್ಯದ ಕೈಯಲ್ಲಿ ರಕ್ತಸಾಕ್ಷಿಯಾದರು. ಧರ್ಮಸಭೆ 1935ರಲ್ಲಿ ಅವರನ್ನು ಸಂತರೆಂದು ಘೋಷಿಸಿದ್ದು ಆದರ್ಶ ರಾಜ್ಯದ ಶಿಲ್ಪಿ ಎಂಬ ಕಾರಣಕ್ಕಲ್ಲ. ಪ್ರಭುತ್ವವು ಪ್ರವೇಶಿಸಲಾಗದ ಅಂತಃಸಾಕ್ಷಿಗೆ ಕಡೆಯವರೆಗೂ ನಿಷ್ಠರಾಗಿದ್ದುದಕ್ಕೆ.

೨. ಕಥೆಯಿಂದ ಊರಿಗೆ

ಯುಟೋಪಿಯವನ್ನು ನೆಲದ ಮೇಲೆ ಕಟ್ಟಲು ಯತ್ನಿಸಿದವರಲ್ಲಿ ಮೊದಲಿಗರು ವಾಸ್ಕೋ ದೆ ಕಿರೋಗಾರವರು. ನ್ಯಾಯಶಾಸ್ತ್ರಜ್ಞರಾಗಿದ್ದ ಅವರು 1531ರಲ್ಲಿ ನವ ಸ್ಪೇನಿನ, ಅಂದರೆ ಇಂದಿನ ಮೆಕ್ಸಿಕೋದ, ಉಚ್ಚ ನ್ಯಾಯಮಂಡಲಿಯ ಸದಸ್ಯರಾಗಿ ಬಂದರು. ಹಿಂದಿನ ವರ್ಷವಷ್ಟೇ ನೂನ್ಯೋ ದೆ ಗುಸ್ಮಾನ್ ಎಂಬ ಅಧಿಕಾರಿ ಮಿಚೊಆಕಾನ್ ಪ್ರಾಂತ್ಯದ ಪುರೆಪೆಚಾ ಜನರ ಅರಸನನ್ನು ಹಿಂಸಿಸಿ ಕೊಲ್ಲಿಸಿದ್ದನು, ಜನರು ಚದುರಿಹೋಗಿದ್ದರು. ಕಿರೋಗಾರವರು 1532ರಲ್ಲಿ ಮೆಕ್ಸಿಕೋ ನಗರದ ಸಮೀಪ, ಬಹುಪಾಲು ಸ್ವಂತ ಹಣದಿಂದ, 'ಸಾಂತಾ ಫೆ' ಎಂಬ ಆಶ್ರಯಗ್ರಾಮವನ್ನು ಸ್ಥಾಪಿಸಿದರು; ಬಳಿಕ ಪಾತ್ಸ್‌ಕ್ವಾರೋ ಸರೋವರದ ದಡದಲ್ಲಿ ಅದೇ ಹೆಸರಿನ ಇನ್ನೊಂದು ಗ್ರಾಮ ತಲೆಯೆತ್ತಿತು. ಸಾಮುದಾಯಿಕ ಭೂಮಿ, ದಿನಕ್ಕೆ ಆರು ಗಂಟೆಗಳ ದುಡಿಮೆ, ಹಿರಿಯರ ನೇತೃತ್ವದ ಕೂಡುಕುಟುಂಬ, ಅಗತ್ಯಕ್ಕನುಸಾರ ಹಂಚಿಕೆ, ರೋಗಿಗಳಿಗೂ ಅನಾಥರಿಗೂ ಆರೈಕೆ ಇವು ಆ ಗ್ರಾಮಗಳ ಕಟ್ಟಳೆಗಳು. ಮೂಲನಿವಾಸಿಗಳನ್ನು ಗುಲಾಮರನ್ನಾಗಿಸಲು 1534ರಲ್ಲಿ ಅರಸೊತ್ತಿಗೆ ಮತ್ತೆ ಅವಕಾಶ ಕೊಟ್ಟಾಗ, 1535ರಲ್ಲಿ ಅದನ್ನು ವಿರೋಧಿಸಿ ಬರೆದ ದೀರ್ಘ ವಾದಪತ್ರದಲ್ಲಿ ಅವರು ಮೋರ್‌ರವರ ಕೃತಿಯನ್ನು ತಮ್ಮ ಯೋಜನೆಗೆ ಮಾದರಿಯೆಂದು ಬಹಿರಂಗವಾಗಿ ಹೇಳಿಕೊಂಡರು. ಮುಂದೆ ಮಿಚೊಆಕಾನಿನ ಧರ್ಮಾಧ್ಯಕ್ಷರಾಗಿ ಅಭಿಷೇಕಗೊಂಡು, 1540ರಲ್ಲಿ ಪಾತ್ಸ್‌ಕ್ವಾರೋದಲ್ಲಿ ಸಂತ ನಿಕೋಲಾಸ್ ವಿದ್ಯಾಲಯವನ್ನು ತೆರೆದು, 1565ರಲ್ಲಿ ನಿಧನರಾದರು. ಪುರೆಪೆಚಾ ಜನರು ಅವರನ್ನು ಇಂದಿಗೂ 'ತಾತಾ ವಾಸ್ಕೋ', ಎಂದರೆ ತಂದೆ ವಾಸ್ಕೋ, ಎಂದು ಸ್ಮರಿಸುತ್ತಾರೆ.

ಗುಲಾಮಗಿರಿಯ ನಡುವೆ ಅನ್ನ, ಆರೋಗ್ಯ, ಭದ್ರತೆಗಳನ್ನು ಒದಗಿಸಿದ ಈ ಪ್ರಯತ್ನವನ್ನು ಲಘುವಾಗಿ ಕಾಣಲಾಗದು. ಆದರೂ ಅದರ ಒಂದು ಮಿತಿಯನ್ನು ನಾವು ಗಮನಿಸಬೇಕು. ಆ ಜನರು ಬೇಕಾದ ಆಕಾರ ತಾಳಬಲ್ಲ ಮೃದು ಮೇಣದಂತಿದ್ದಾರೆ ಎಂಬುದು ಕಿರೋಗಾರವರ ದೃಷ್ಟಿಯಾಗಿತ್ತು. ಉಡುಪಿನಿಂದ ಉದ್ಯೋಗದವರೆಗೆ ಎಲ್ಲವೂ ನಿಯಮಬದ್ಧವಾಗಿತ್ತು, ಸರಿಹೊಂದದವರನ್ನು ಗ್ರಾಮದಿಂದ ಹೊರಹಾಕಲು ಕಟ್ಟಳೆಯಿತ್ತು, ಮೇಲ್ವಿಚಾರಣೆ ಯಾಜಕರದಾಗಿತ್ತು. ಪ್ರೀತಿ ನಿಜವಾದುದೇ. ಆದರೆ ಮೇಣವು ತನ್ನ ಅಭಿಪ್ರಾಯವನ್ನು ಹೇಳುವುದಿಲ್ಲ. 1609ರಿಂದ ಪರಾಗ್ವೇ ಪ್ರಾಂತ್ಯದಲ್ಲಿ ಯೇಸುಸಭೆಯವರು ಗ್ವಾರನಿ ಜನರಿಗಾಗಿ ಕಟ್ಟಿದ ಗ್ರಾಮಗಳ ವಿಷಯದಲ್ಲೂ ಇದೇ ದ್ವಂದ್ವ ಕಾಣಿಸುತ್ತದೆ: ಗುಲಾಮ ವ್ಯಾಪಾರಿಗಳಿಂದ ರಕ್ಷಣೆ ಒಂದೆಡೆ, ಅಪ್ರಾಪ್ತ ಮಕ್ಕಳಂತೆ ಕಾಣುವ ಪಾಲನೆ ಇನ್ನೊಂದೆಡೆ.

೩. ಗಾಜಿನ ಗೋಡೆಗಳು

1868ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಐರ್ಲೆಂಡಿನ ಕುರಿತು ಮಾತನಾಡುತ್ತ ಜಾನ್ ಸ್ಟುವರ್ಟ್ ಮಿಲ್‌ರವರು ತಮ್ಮ ವಿರೋಧಿಗಳನ್ನು ಯುಟೋಪಿಯದವರೆನ್ನುವುದಕ್ಕಿಂತ 'ಡಿಸ್ಟೋಪಿಯದವರು' ಎನ್ನುವುದು ಸೂಕ್ತವೆಂದರು. ಆ ಪದವು ಒಂದು ಸಾಹಿತ್ಯ ಪ್ರಕಾರದ ಹೆಸರಾಗಿ ರೂಢಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇದಕ್ಕೆ ದೈವಶಾಸ್ತ್ರೀಯ ಪೀಠಿಕೆಯೆಂದರೆ ದೊಸ್ತೊಯೆವ್ಸ್ಕಿಯವರ 'ಕರಮಜೋವ್ ಸಹೋದರರು' ಕಾದಂಬರಿಯಲ್ಲಿ ಬರುವ ಮಹಾ ವಿಚಾರಣಾಧಿಕಾರಿಯ ಪ್ರಸಂಗ. ಅಲ್ಲಿ ವೃದ್ಧ ಧರ್ಮಾಧಿಕಾರಿಯು ಸೆವಿಲ್ ನಗರಕ್ಕೆ ಮರಳಿ ಬಂದ ಕ್ರಿಸ್ತರನ್ನೇ ಬಂಧಿಸಿ, ಮರುಭೂಮಿಯ ಮೂರು ಶೋಧನೆಗಳನ್ನು ತಿರಸ್ಕರಿಸಿ ಮನುಷ್ಯನಿಗೆ ಹೊರಲಾಗದ ಸ್ವಾತಂತ್ರ್ಯವನ್ನು ಕೊಟ್ಟಿರೆಂದು ದೂರುತ್ತಾನೆ. ರೊಟ್ಟಿ, ಪವಾಡ, ಅಧಿಕಾರಗಳಿಂದ ಜನರನ್ನು ಸುಖವಾಗಿಡುವುದಷ್ಟೇ ಅವನ ಗುರಿ. ಕ್ರಿಸ್ತರ ಉತ್ತರ ಮೌನ ಮತ್ತು ಒಂದು ಮುತ್ತು.

ಈ ಆಯ್ಕೆಯನ್ನೇ ನೌಕಾ ಎಂಜಿನಿಯರ್ ಆಗಿದ್ದ ಯೆವ್ಗೆನಿ ಝಮ್ಯಾತಿನ್‌ರವರು ಕ್ರಾಂತಿಯ ಬಳಿಕದ ರಷ್ಯಾದಲ್ಲಿ, 1920-21ರ ಸುಮಾರಿಗೆ, 'ನಾವು' ಎಂಬ ಕಾದಂಬರಿಯನ್ನಾಗಿಸಿದರು. ಅದರ ಪ್ರಜೆಗಳಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಅವರ ಮನೆಗಳ ಗೋಡೆಗಳು ಗಾಜಿನವು. ನಿಗದಿತ ವೇಳೆಯಲ್ಲಿ ಮಾತ್ರ ಪರದೆ ಇಳಿಸಲು ಅನುಮತಿ. ಕೊನೆಗೆ ಕಲ್ಪನಾಶಕ್ತಿಯನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಲಾಗುತ್ತದೆ. 1924ರಲ್ಲಿ ಇಂಗ್ಲಿಷ್ ಅನುವಾದದಲ್ಲಿ ಪ್ರಕಟವಾದ ಈ ಕೃತಿ ಲೇಖಕರ ಸ್ವದೇಶದಲ್ಲಿ ಬೆಳಕು ಕಂಡದ್ದು 1988ರಲ್ಲಿ. ಮೋರ್‌ರವರ ದ್ವೀಪದ ಬೀಗವಿಲ್ಲದ ಬಾಗಿಲು ನಾಲ್ಕು ಶತಮಾನಗಳಲ್ಲಿ ಗಾಜಿನ ಗೋಡೆಯಾಗಿ ಬೆಳೆದಿತ್ತು.

ನಮ್ಮವರೇ ಆದ ಯಾಜಕ ರಾಬರ್ಟ್ ಹ್ಯೂ ಬೆನ್ಸನ್‌ರವರ ಎರಡು ಕಾದಂಬರಿಗಳು ಇನ್ನಷ್ಟು ಆತ್ಮಪರೀಕ್ಷೆಗೆ ಹಚ್ಚುತ್ತವೆ. ಕ್ಯಾಂಟರ್‌ಬರಿಯ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷರ ಪುತ್ರರಾದ ಇವರು 1903ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. 1907ರ 'ಲೋಕದ ಒಡೆಯ' ಕಾದಂಬರಿಯಲ್ಲಿ ಯುದ್ಧವನ್ನು ನಿವಾರಿಸಿದ ಮಾನವತಾವಾದಿ ಜಗತ್ತು ಕೊನೆಗೆ ದೇವರನ್ನು ಅಲ್ಲಗಳೆಯದವರನ್ನು ಕೊಲ್ಲುವ ಹಂತ ತಲುಪುತ್ತದೆ. ಪೋಪ್ ಫ್ರಾನ್ಸಿಸ್‌ರವರು ಈ ಕೃತಿಯನ್ನು ಓದುವಂತೆ ಶಿಫಾರಸು ಮಾಡಿದ್ದರಿಂದ ಅದು ಇಂದು ಅನೇಕರಿಗೆ ಪರಿಚಿತ. ಅದು ನಿರಾಶೆ ಹುಟ್ಟಿಸಿತೆಂಬ ಓದುಗರ ಮಾತಿಗೆ ಉತ್ತರವಾಗಿ 1911ರಲ್ಲಿ ಬಂದ ಇನ್ನೊಂದು ಕಾದಂಬರಿ ಅಷ್ಟು ಪರಿಚಿತವಲ್ಲ. ಅದರಲ್ಲಿ ಇಡೀ ಜಗತ್ತೇ ಕಥೋಲಿಕವಾಗಿದೆ. ಜ್ಞಾನ, ಆಡಳಿತ, ವೈದ್ಯಕೀಯ ಎಲ್ಲವೂ ವಿಶ್ವಾಸದ ಬೆಳಕಿನಲ್ಲಿವೆ. ಮತ್ತು ಅದರಲ್ಲಿ ಪಾಷಂಡಿಯೆಂದು ತೀರ್ಪಿಗೊಳಗಾದ ಒಬ್ಬ ಸನ್ಯಾಸಿಗೆ ಮರಣದಂಡನೆಯಾಗುತ್ತದೆ. ಕಥಾನಾಯಕ ತಲ್ಲಣಿಸುತ್ತಾನೆ, ಆದರೆ ಕ್ರಮೇಣ ವ್ಯವಸ್ಥೆಯ ಸಮರ್ಥನೆಯೇ ಮೇಲುಗೈ ಪಡೆಯುತ್ತದೆ. ಒಂದೇ ಲೇಖನಿಯಿಂದ ಬಂದ ಎರಡು ಲೋಕಗಳಲ್ಲಿ ಸಿಂಹಾಸನದ ಮೇಲಿರುವವರು ಬೇರೆ. ಒಪ್ಪದವನಿಗೆ ಕಾದಿರುವ ಗತಿ ಒಂದೇ. 1965ರಲ್ಲಿ ಎರಡನೆಯ ವತಿಕಾನ್ ಮಹಾಸಭೆಯು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ವಿಶ್ವಾಸದ ವಿಷಯದಲ್ಲಿ ಬಲಾತ್ಕಾರ ಸಲ್ಲದೆಂದು ಸಾರಿದಾಗ, ಧರ್ಮಸಭೆಯು ಆ ಬಗೆಯ ಕನಸಿನಿಂದ ತಾನೇ ಹೊರಬಂದಿತೆನ್ನಬಹುದು.

೪. ಮುಚ್ಚಿದ ಬಾಗಿಲಿನ ಒಳಗೆ

ಹಾಗಾದರೆ ಆದರ್ಶವನ್ನೇ ಕೈಬಿಡಬೇಕೇ? ಹಾಗೆಂದು ನಾವು ಭಾವಿಸುವುದಿಲ್ಲ. ಬೇಲಿ ಹಾಕಿದ ಹೊಲಗಳನ್ನು ಕಂಡು ಮೋರ್‌ರವರು ನೊಂದದ್ದೂ, ಚದುರಿದ ಜನರನ್ನು ಕಂಡು ಕಿರೋಗಾರವರು ಊರು ಕಟ್ಟಿದ್ದೂ ಶುಭಸಂದೇಶಕ್ಕೆ ಅನುಗುಣವಾದ ಕಾರ್ಯಗಳೇ. ಆದರೆ ಆದಿಸಭೆಯ ಹಂಚಿಕೆಯನ್ನು ವರ್ಣಿಸುವ ಗ್ರಂಥವೇ ಐದನೆಯ ಅಧ್ಯಾಯದಲ್ಲಿ, ಮಾರುವ ಮುನ್ನ ಹೊಲವೂ ಮಾರಿದ ಬಳಿಕ ಹಣವೂ ಅವನದೇ ಆಗಿತ್ತೆಂದು ಪೇತ್ರರು ಅನನೀಯನಿಗೆ ನೆನಪಿಸಿದ್ದನ್ನೂ ದಾಖಲಿಸುತ್ತದೆ. ಅವನ ತಪ್ಪು ಸುಳ್ಳು ಹೇಳಿದ್ದು. ಕೊಡದಿರುವ ಸ್ವಾತಂತ್ರ್ಯ ಅವನಿಗಿತ್ತು. ಮತ್ತಾಯರ ಹದಿಮೂರನೆಯ ಅಧ್ಯಾಯದ ಸಾಮತಿಯಲ್ಲಿ ಕಳೆಯನ್ನು ಕೂಡಲೇ ಕಿತ್ತೆಸೆಯಲು ಹೊರಟವರು ಸೇವಕರು; ತಡೆದವನು ಯಜಮಾನ. ಪ್ರಾರ್ಥಿಸುವವನಿಗೆ ಕೋಣೆಯ ಬಾಗಿಲು ಮುಚ್ಚಿಕೊಳ್ಳಲು ಹೇಳಿದವರು ಯೇಸುಸ್ವಾಮಿಯವರೇ. ಆ ಬಾಗಿಲಿನ ಒಳಗೆ ಕಾಣುವ ಹಕ್ಕು ಪಿತನಿಗೆ ಮಾತ್ರ ಸೇರಿದ್ದು.

ಈ ಅರಿವು ನಮ್ಮ ಧರ್ಮಸಭಾ ಕಾನೂನಿನಲ್ಲಿಯೂ ಅಡಕವಾಗಿದೆ. ಪಾಪನಿವೇದನೆಯ ಗೋಪ್ಯತೆ ಅಲಂಘ್ಯ. ಗುರುವಿದ್ಯಾರ್ಥಿಯೊಬ್ಬನಿಗೆ ದೀಕ್ಷೆ ನೀಡುವ ಅಥವಾ ಅವನನ್ನು ಗುರುಮಠದಿಂದ ಕಳುಹಿಸುವ ನಿರ್ಧಾರದಲ್ಲಿ ಅವನ ಆಧ್ಯಾತ್ಮಿಕ ನಿರ್ದೇಶಕರ ಮತ್ತು ಪಾಪನಿವೇದನೆ ಕೇಳುವ ಗುರುಗಳ ಅಭಿಪ್ರಾಯವನ್ನು ಎಂದಿಗೂ ಕೇಳಕೂಡದೆಂದು 240ನೆಯ ವಿಧಿ ಆಜ್ಞಾಪಿಸುತ್ತದೆ. ಆಡಳಿತ ನಡೆಸುವವರಿಗೆ ಈ ವಿಧಿ ಒಮ್ಮೊಮ್ಮೆ ಅಡಚಣೆಯಾಗಿ ತೋರಬಹುದು. ಎಲ್ಲವೂ ತಿಳಿದಿದ್ದರೆ ಉತ್ತಮ ಯಾಜಕರನ್ನೇ ಆರಿಸಬಹುದಿತ್ತಲ್ಲ ಎಂಬ ಸದುದ್ದೇಶದ ಆಲೋಚನೆ ನಮ್ಮಲ್ಲಿಯೂ ಸುಳಿಯುತ್ತದೆ. ಗಾಜಿನ ಗೋಡೆಗಳು ಏಳುವುದು ಅಂತಹ ಸದುದ್ದೇಶದಿಂದಲೇ. ಅಪರಾಧವನ್ನು ಮುಚ್ಚಿಡಲು ಗೋಪ್ಯತೆಯನ್ನು ಬಳಸಿಕೊಳ್ಳುವುದು ಬೇರೆ. ಅದು ಪಾಪ, ಮತ್ತು ಅದಕ್ಕೆ ಬಹಿರಂಗ ಕ್ಷೇತ್ರದಲ್ಲಿ ನ್ಯಾಯವಿಚಾರಣೆ ನಡೆಯಲೇಬೇಕು. ಆದರೆ ಒಬ್ಬನು ದೇವರ ಮುಂದೆ ಏಕಾಂಗಿಯಾಗಿ ನಿಲ್ಲುವ ಜಾಗಕ್ಕೆ ಯಾವ ಮೇಲಧಿಕಾರಿಗೂ ಬೀಗದ ಕೈ ಕೊಟ್ಟಿಲ್ಲ.

ಧರ್ಮಕೇಂದ್ರವನ್ನಾಗಲಿ ಗುರುಮಠವನ್ನಾಗಲಿ ಮಾದರಿ ಸಮುದಾಯವನ್ನಾಗಿ ರೂಪಿಸಲು ಹೊರಡುವ ನಾವು ನಮ್ಮ ಯೋಜನೆಯ ಮುಂದೆ ಇಡಬೇಕಾದ ಪ್ರಶ್ನೆ ಇಷ್ಟೇ: ಇದನ್ನು ಒಪ್ಪದವನಿಗೆ ಇದರಲ್ಲಿ ಏನು ಗತಿ? ದೇವರ ಸಾಮ್ರಾಜ್ಯವು ಬರುವುದು ವರವಾಗಿ. ಅದು ಬರುವವರೆಗೆ ಹಸಿದವರಿಗೆ ಅನ್ನವನ್ನೂ, ಒಪ್ಪದವರಿಗೆ ಉಸಿರಾಡುವ ಎಡೆಯನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ನಮಗೆ ವಹಿಸಲಾದ ಕೆಲಸ.