ಕೌದಿಯಿಂದ ಕಾರಿನ ಸೀಟಿಗೆ

ಬೇಸಿಗೆಯಲ್ಲಿ ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ಕಾರಿನಲ್ಲಿ ಹೋಗಿ ಬಂದವರು ಸೀಟಿನ ಬಟ್ಟೆಯನ್ನೊಮ್ಮೆ ಕೈಯಿಂದ ಬಡಿದು ನೋಡಬೇಕು. ಏಳುವುದು ಎರೆಭೂಮಿಯ ಧೂಳು. ಕೂರುವ ಜಾಗಕ್ಕೆ ಅದರ ಕಾಟ ಕಾರು ಬರುವ ಮೊದಲೇ ಇತ್ತು.

ಚಕ್ಕಡಿಯ ಕಾಲದಲ್ಲಿ ಅದಕ್ಕೆ ಉತ್ತರ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿಯನ್ನು ಮೇವಿನ ಮೇಲೆ ಹಾಸಿದರೆ ಮೆತ್ತೆ ಸಿದ್ಧ. ಊರು ಸೇರಿದ ಮೇಲೆ ಎತ್ತಿ ಕೊಡವಿದರಾಯಿತು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಗಳೆಲ್ಲ ಹಳ್ಳಕ್ಕೋ ಹೊಳೆಗೋ ಹೊರಟಾಗ ಅದೂ ಹೊರಡುತ್ತಿತ್ತು. ಮಡಿವಾಳರಿಗೆ ಚೌಳು ಮಣ್ಣೇ ಸಾಬೂನು. ಅದರ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ. ಹತ್ತಿ ಅದನ್ನು ತಾಳುತ್ತದೆ. ರೇಷ್ಮೆ, ಉಣ್ಣೆ ತಾಳವು, ಅವಕ್ಕೆ ಅಂಟುವಾಳ.

1948ರವರೆಗೆ ರಾಯಚೂರು ನಿಜಾಮರ ಸಂಸ್ಥಾನದಲ್ಲಿತ್ತು. ಸಿಂಹಾಸನದಂಥ ಆಸನವಿದ್ದ ಅವರ ಹಳದಿ ರೋಲ್ಸ್ ರಾಯ್ಸ್ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಆ ಕಾಲದ ಸಿರಿವಂತರ ಕಾರುಗಳಲ್ಲಿ ಮಳೆ ಬಿಸಿಲಿಗೆ ಮೈಯೊಡ್ಡಿದ ಚಾಲಕನಿಗೆ ಚರ್ಮದ ಸೀಟು, ಒಳಗೆ ಕೂತ ಯಜಮಾನನಿಗೆ ಬಟ್ಟೆಯದು. ಈಗಿನ ಲೆಕ್ಕಾಚಾರ ತಿರುಗುಮುರುಗು!

1958ರಲ್ಲಿ ಹೊರಬಂದ ಅಂಬಾಸಿಡರ್ ಕಾರುಗಳಲ್ಲಿ ಹೆಚ್ಚಾಗಿ ಕಂಡದ್ದು ರೆಕ್ಸಿನ್. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬಿಸಿಲಲ್ಲಿ ಅದು ಕಾದ ಹೆಂಚು. ಅದಕ್ಕೇ ಸಾಹೇಬರ ಸೀಟಿಗೆ ಬಿಳಿಯ ಹತ್ತಿ ಗವಸು, ಬೆನ್ನಿಗೊಂದು ಟರ್ಕಿ ಟವೆಲು. ಜನ ಅದನ್ನು ಅಧಿಕಾರದ ಗತ್ತೆಂದು ಕಂಡರು. ತಪ್ಪೇನಲ್ಲ, ಆದರೆ ಬೆವರಿನ ಕಾರಣವೂ ಇತ್ತು. ಆ ಬಿಳುಪಿನ ಹಿಂದೆ ಮಡಿವಾಳರ ಉಬ್ಬೆ, ಒಗೆಯುವ ಬಂಡೆ, ಇಸ್ತ್ರಿಪೆಟ್ಟಿಗೆ ಇದ್ದುದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

1983ರಲ್ಲಿ ಮಾರುತಿ ಬಂದ ನಂತರದ ದಶಕಗಳಲ್ಲಿ ಬಟ್ಟೆಯ ಸೀಟು ಸಾಮಾನ್ಯರ ಕಾರಿಗೂ ಇಳಿಯಿತು. ಆದರೆ ಇದು ಕಳಚಿ ಹೊಳೆಗೆ ಒಯ್ಯುವ ಬಟ್ಟೆಯಲ್ಲ. ಸ್ಪಂಜಿನ ಮೇಲೆ ಬಿಗಿದ ಪಾಲಿಯೆಸ್ಟರ್. ಮಡಿವಾಳರ ಕೆಲಸ ಚಾಲಕನ ತಲೆಗೆ ಬಂತು, ಅವರ ವಿದ್ಯೆ ಮಾತ್ರ ಜೊತೆಗೆ ಬರಲಿಲ್ಲ. ಹೆಚ್ಚಿನವರು ಮೊದಲು ಎತ್ತಿಕೊಳ್ಳುವುದು ನೀರಿನ ಬಕೆಟ್ಟನ್ನು. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ. ಒಣಗಿದಾಗ ಹೊಲ ಬಿರಿಯುವುದು ಅದಕ್ಕೇ. ನೀರು ಬಿದ್ದೊಡನೆ ಧೂಳು ಕೆಸರಾಗಿ ನೂಲಿನ ಸಂದಿಗೆ ಇಳಿಯುತ್ತದೆ. ಆದ್ದರಿಂದ ಮೊದಲು ಒಣಗಿದ್ದಾಗಲೇ ಬಡಿದು, ಬ್ರಷ್ಷಿನಿಂದ ಉಜ್ಜಿ, ಧೂಳೆಳೆಯುವ ಯಂತ್ರ ಸಿಕ್ಕರೆ ಅದನ್ನೂ ಆಡಿಸಬೇಕು. ಆಮೇಲೆ ತೆಳುವಾದ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವುದು, ಬರೇ ನೀರಿನ ಬಟ್ಟೆಯಿಂದ ಇನ್ನೊಮ್ಮೆ. ಸ್ಪಂಜು ತೊಯ್ದರೆ ಕಮಟು ವಾಸನೆ ಗಟ್ಟಿ. ಬಾಗಿಲು ತೆರೆದಿಟ್ಟು ನೆರಳಿನ ಗಾಳಿಗೆ ಆರಬಿಡಬೇಕು. ಬಿರುಬಿಸಿಲು ಬಣ್ಣ ತಿನ್ನುತ್ತದೆ.

ಬಾಡಿಗೆ ಕಾರಿನ ಎಷ್ಟೋ ಚಾಲಕರು ಸೀಟಿನ ಮೇಲೆ ಈಗಲೂ ಟವೆಲು ಹಾಸುತ್ತಾರೆ. ಸಂಜೆ ಇಳಿದು ಎರಡು ಸಲ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಾರೆ.